ಕೆಳಗಿಳಿಯುವ ಕೈ

ಗಿಟಾರ್ ತಂತಿಗಳನ್ನು ಮೀಟಲು ಇರುವುದು ಎರಡೇ ದಾರಿ: ಮೇಲಿನಿಂದ ಕೆಳಕ್ಕೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ. ವೇಗವಾಗಿ ನುಡಿಸುವವರು ಎರಡನ್ನೂ ಬೆರೆಸುತ್ತಾರೆ. ಕೆಳಗೆ ಹೋದ ಕೈ ಹೇಗೂ ಮೇಲೆ ಬರಲೇಬೇಕು. ಬರುವಾಗಲೂ ಒಂದು ಸಲ ಮೀಟಿಕೊಂಡು ಬಂದರೆ ಅರ್ಧ ಶ್ರಮ ಉಳಿಯುತ್ತದೆ. ನ್ಯೂಯಾರ್ಕಿನ ರಮೋನ್ಸ್ ತಂಡದ ಗಿಟಾರ್ ವಾದಕ ಜಾನಿ ರಮೋನ್ ಈ ಉಳಿತಾಯವನ್ನು ಒಪ್ಪಲಿಲ್ಲ. ಅವನ ಕೈ ಕೆಳಮುಖವಾಗಿಯೇ ಹೊಡೆಯುತ್ತಿತ್ತು. ತಂತಿ ಮುಟ್ಟದೆ ಮೇಲೆ ಬಂದು, ಮತ್ತೆ ಅಷ್ಟೇ ಬಲದಿಂದ ಕೆಳಗಿಳಿಯುತ್ತಿತ್ತು. 1976ರಲ್ಲಿ ಬಂದ ತಂಡದ ಮೊದಲ ಆಲ್ಬಂನ ಮೊದಲ ಹಾಡಿನಲ್ಲಿ ಆ ಕೈ ನಿಮಿಷಕ್ಕೆ ಸುಮಾರು 350 ಸಲ ಹೀಗೆ ಇಳಿಯುತ್ತದೆ.

ಇಪ್ಪತ್ತರ ಹರೆಯದಲ್ಲಿ ಬೆಂಗಳೂರಿನ ಬಾಡಿಗೆ ಕೋಣೆಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನಾನು ಆ ಆಲ್ಬಂ ಜೊತೆ ನುಡಿಸಲು ಕೂತೆ. ಕಾರ್ಡ್‌ಗಳು ಅರ್ಧ ದಿನದಲ್ಲಿ ಕೈಗೆ ಬಂದವು. ಆದರೆ ಮೊದಲ ಹಾಡು ಮುಗಿಯುವ ಹೊತ್ತಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಸ್ನಾಯು ಕಲ್ಲಾಗಿತ್ತು. ಎರಡನೆಯದರ ನಡುವೆ ಬೆವೆತ ಬೆರಳುಗಳಿಂದ ತಂತಿ ಮೀಟುವ ಪಿಕ್ ಜಾರಿ ಬಿತ್ತು. ಮೂರನೆಯದರಲ್ಲಿ ನನಗೇ ತಿಳಿಯದಂತೆ ಕೈ ಮೋಸ ಮಾಡತೊಡಗಿತು: ಒಂದು ಪೆಟ್ಟು ಕೆಳಗೆ, ಒಂದು ಪೆಟ್ಟು ಮೇಲೆ. ಕಿವಿ ಕೂಡಲೇ ಹಿಡಿದುಹಾಕಿತು. ಕೆಳಗಿಳಿಯುವ ಪೆಟ್ಟು ದಪ್ಪ ತಂತಿಯನ್ನು ಮೊದಲು ತಾಗುತ್ತದೆ, ಮೇಲೇರುವ ಪೆಟ್ಟು ತೆಳು ತಂತಿಯನ್ನು. ಬೆರೆಸಿದರೆ ಒಂದು ಭಾರ, ಒಂದು ಹಗುರ, ಹಾಡು ಕುಲುಕಾಡುತ್ತದೆ. ಜಾನಿಯ ಗಿಟಾರಿನಲ್ಲಿ ಎಲ್ಲವೂ ಭಾರ. ಒನಕೆ ಎತ್ತಿ ಎತ್ತಿ ಹಾಕಿದಂತೆ, ಒಂದು ಪೆಟ್ಟಿಗೂ ಮುಂದಿನದಕ್ಕೂ ತೂಕದಲ್ಲಿ ವ್ಯತ್ಯಾಸವೇ ಸಿಗದು. ಗೋಡೆಯಂತೆ ಎದ್ದು ನಿಲ್ಲುವ ಆ ಸದ್ದು ಹುಟ್ಟುವುದು ಈ ಸಮತೂಕದಿಂದ.

ಇಂಥ ಸರಳವಾದ, ಹುರುಪಿನ, ಭಾರದ ಪಂಕ್ ಆಲ್ಬಂ ಎಂದರೆ ಹೊಗಳುವವರೂ ತೆಗಳುವವರೂ ಒಂದೇ ಮಾತು ಹೇಳುತ್ತಾರೆ: ಇದನ್ನು ಯಾರು ಬೇಕಾದರೂ ನುಡಿಸಬಹುದು. ಹೊಗಳುವವರಿಗೆ ಅದು ಸಮಾನತೆ, ತೆಗಳುವವರಿಗೆ ಅದು ವಿದ್ಯೆಯ ಕೊರತೆ. ನನ್ನ ಮೊಣಕೈ ಆ ದಿನ ಎರಡು ಮಾತನ್ನೂ ಸುಳ್ಳು ಮಾಡಿತು. ಇಲ್ಲಿ ಕಡಿಮೆ ಇರುವುದು ಸ್ವರಗಳ ಸಂಖ್ಯೆ, ದುಡಿಮೆಯಲ್ಲ. ಸ್ವರಗಳು ಕಡಿಮೆಯಾದಷ್ಟೂ ಆ ದುಡಿಮೆ ಎದ್ದು ಕೇಳಿಸುತ್ತದೆ. ಈ ಪರಂಪರೆಯ ಆಕರ್ಷಣೆ ಇರುವುದು ಅಲ್ಲೇ ಎಂದು ನಾನು ನಂಬುತ್ತೇನೆ. ಅಲಂಕಾರ ಹೆಚ್ಚಿರುವ ಸಂಗೀತದಲ್ಲಿ ನುಡಿಸುವವನ ಚಾತುರ್ಯ ಕೇಳಿಸುತ್ತದೆ. ಈ ಆಲ್ಬಂಗಳಲ್ಲಿ ಅವನ ಉಸಿರು, ತೋಳು, ಬೆನ್ನು ಕೇಳಿಸುತ್ತವೆ.

ರಮೋನ್ಸ್ ಬಂದ ಕಾಲವನ್ನು ನೆನೆದರೆ ಈ ಆಯ್ಕೆ ಎಷ್ಟು ಗಟ್ಟಿಯದು ಎಂಬುದು ತಿಳಿಯುತ್ತದೆ. 1973ರಲ್ಲಿ ಇಂಗ್ಲೆಂಡಿನ ಯೆಸ್ ತಂಡ ಎರಡು ರೆಕಾರ್ಡ್‌ಗಳ ಆಲ್ಬಂ ತಂದಿತು. ಎಂಬತ್ತಕ್ಕೂ ಹೆಚ್ಚು ನಿಮಿಷಗಳ ಆ ಆಲ್ಬಂನಲ್ಲಿದ್ದದ್ದು ನಾಲ್ಕೇ ರಚನೆಗಳು. ರಾಕ್ ಸಂಗೀತ ಶಾಸ್ತ್ರೀಯ ಸಂಗೀತದ ಪಕ್ಕದಲ್ಲಿ ಕುರ್ಚಿ ಕೇಳುತ್ತಿದ್ದ ದಿನಗಳವು. ಮರುವರ್ಷ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್‌ನ ನಾಲ್ವರು ಹುಡುಗರು ಒಂದೇ ಅಡ್ಡಹೆಸರು ಇಟ್ಟುಕೊಂಡು, ಬವರಿ ಬೀದಿಯ ಸಿಬಿಜಿಬಿ ಎಂಬ ಸಣ್ಣ ಕ್ಲಬ್ಬಿನಲ್ಲಿ ಹಾಡತೊಡಗಿದರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಂದೊಮ್ಮೆ ಪಾಲ್ ರಮೋನ್ ಎಂಬ ಹೆಸರಿನಲ್ಲಿ ತಿರುಗಾಡಿದ್ದನಂತೆ. ಹೆಸರು ಸಿಕ್ಕಿದ್ದು ಅಲ್ಲಿಂದ. 1976ರ ಫೆಬ್ರುವರಿಯಲ್ಲಿ, ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಕಟ್ಟಡದ ಮೇಲಿನ ಪ್ಲಾಜಾ ಸೌಂಡ್ ಸ್ಟುಡಿಯೊದಲ್ಲಿ, ಸುಮಾರು ಒಂದು ವಾರದಲ್ಲಿ, 6,400 ಡಾಲರ್ ಖರ್ಚಿನಲ್ಲಿ ಆಲ್ಬಂ ಸಿದ್ಧವಾಯಿತು. 14 ಹಾಡು, 29 ನಿಮಿಷ. ಯಾವ ಹಾಡೂ ಮೂರು ನಿಮಿಷ ಮುಟ್ಟುವುದಿಲ್ಲ.

ನಾಲ್ವರಲ್ಲಿ ಟಾಮಿ ರಮೋನ್ ಕತೆ ನನಗೆ ಬಹಳ ಮುಖ್ಯ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು, ಜಿಮಿ ಹೆಂಡ್ರಿಕ್ಸ್ ರೆಕಾರ್ಡಿಂಗ್ ಮಾಡುತ್ತಿದ್ದ ಸ್ಟುಡಿಯೊದಲ್ಲಿ ಸಹಾಯಕನಾಗಿ ದುಡಿದವನು. ಶುರುವಿನಲ್ಲಿ ಅವನು ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ. ಡ್ರಮ್ಸ್ ನುಡಿಸಲು ಬಂದವರೆಲ್ಲ ಆ ಕಾಲದ ರೂಢಿಯಂತೆ ಉರುಳಿಕೆ, ತಿರುವು, ಅಬ್ಬರ ಸೇರಿಸುತ್ತಿದ್ದರು. ಬೇಕಾದ್ದು ಏನೆಂದು ತೋರಿಸಲು ಟಾಮಿ ತಾನೇ ಡ್ರಮ್ಸ್ ಹಿಂದೆ ಕೂತ, ಅಲ್ಲೇ ಉಳಿದ. ಡ್ರಮ್ಸ್ ಅವನ ವಾದ್ಯವೇ ಆಗಿರಲಿಲ್ಲ. ಧ್ವನಿಮುದ್ರಣದ ಒಳಹೊರಗು ತಿಳಿದವನೊಬ್ಬ, ಹೆಂಡ್ರಿಕ್ಸ್‌ನಂಥ ಮಹಾವಾದಕನ ಸದ್ದನ್ನು ಹತ್ತಿರದಿಂದ ಕೇಳಿದವನು, ಬೇಕೆಂದೇ ಇಷ್ಟು ಸಾಕು ಎಂದು ಗೆರೆ ಎಳೆದ. ಆಲ್ಬಂನಲ್ಲಿ ಗಿಟಾರ್ ಒಂದು ಸ್ಪೀಕರಿನಲ್ಲಿ, ಬಾಸ್ ಇನ್ನೊಂದರಲ್ಲಿ, ಹಾಡೂ ಡ್ರಮ್ಸೂ ನಡುವೆ: ಅರವತ್ತರ ದಶಕದ ಶುರುವಿನ ಬೀಟಲ್ಸ್ ರೆಕಾರ್ಡ್‌ಗಳನ್ನು ನೆನಪಿಸುವ ಹಂಚಿಕೆ. ಸ್ಟೀರಿಯೊದ ಒಂದು ಕಡೆಯ ತಂತಿ ಕಿತ್ತರೆ ಜಾನಿಯ ಗಿಟಾರ್ ಮಾಯವಾಗಿ ಡೀ ಡೀಯ ಬಾಸ್ ಉಳಿಯುತ್ತದೆ. ನಾನು ಆ ಆಲ್ಬಂ ಕಲಿತದ್ದು ಹಾಗೆಯೇ, ಒಂದು ಇಯರ್‌ಫೋನ್ ಕಿವಿಯಿಂದ ತೆಗೆದು.

ಜಾನಿ ಅದಕ್ಕೆ ಮೊದಲು ಕಟ್ಟಡ ಕೆಲಸ ಮಾಡುತ್ತಿದ್ದವನು. ಸಂಗೀತವನ್ನೂ ಹಾಗೆಯೇ ನಡೆಸಿದ: ಹೊತ್ತಿಗೆ ಸರಿಯಾಗಿ ಬರುವುದು, ಹೇಳಿದ ಕೆಲಸ ಪೂರ್ತಿ ಮಾಡುವುದು, ಹೋಗುವುದು. 1974ರಿಂದ 1996ರವರೆಗೆ ತಂಡ 2,263 ಕಾರ್ಯಕ್ರಮ ಕೊಟ್ಟಿತು. ಅದರಲ್ಲಿ ಎಷ್ಟೋ ವರ್ಷ ಜಾನಿಗೂ ಗಾಯಕ ಜೋಯಿಗೂ ಮಾತೇ ಇರಲಿಲ್ಲ. ಒಂದೇ ವ್ಯಾನಿನಲ್ಲಿ ಮಾತಿಲ್ಲದೆ ಕೂತು ಊರೂರು ಸುತ್ತಿ, ವೇದಿಕೆ ಹತ್ತಿದ ಕೂಡಲೇ ಒಂದೇ ಉಸಿರಿನಲ್ಲಿ ಹಾಡಿದರು. 1977ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಮುದ್ರಿಸಿಕೊಂಡ ಆಲ್ಬಂ ಕೇಳಿ: ಒಂದು ಗಂಟೆಯೊಳಗೆ 28 ಹಾಡು. ಒಂದು ಹಾಡಿನ ಕೊನೆಯ ಕಾರ್ಡ್ ಇನ್ನೂ ಗಾಳಿಯಲ್ಲಿರುವಾಗಲೇ ಡೀ ಡೀ ಮುಂದಿನದಕ್ಕೆ ನಾಲ್ಕು ಎಣಿಸುತ್ತಾನೆ.

ಆದರೆ ಬರೀ ಪೆಟ್ಟಿನಿಂದ ಆಲ್ಬಂ ನಿಲ್ಲುವುದಿಲ್ಲ. ಆ ಗೋಡೆಯ ಹಿಂದೆ ರೊನೆಟ್ಸ್, ಬೀಚ್ ಬಾಯ್ಸ್ ತಂಡಗಳ ಕಾಲದ ಸಿಹಿ ಧಾಟಿಗಳಿವೆ. ಜೋಯಿ ಹಾಡುವುದನ್ನು ಗಿಟಾರಿಲ್ಲದೆ ಗುನುಗಿ ನೋಡಿದರೆ ಅದು ಹದಿಹರೆಯದ ಹುಡುಗಿಯರು ಕೈಚಪ್ಪಾಳೆ ತಟ್ಟಿ ಹಾಡುತ್ತಿದ್ದ ಹಾಡಿನ ತಮ್ಮನಂತಿರುತ್ತದೆ. ನಾಲ್ಕನೆಯ ಹಾಡು ನೇರ ಪ್ರೇಮಗೀತೆ, ನಿಧಾನದ್ದು, ಬರೆದವನು ಟಾಮಿ. ನುಡಿಸುವವನ ತೋಳು ಸೋತು ಬೀಳುವ ಹೊತ್ತಿಗೆ ಸರಿಯಾಗಿ ಅದು ಬರುತ್ತದೆ. ಎರಡನೆಯ ಮುಖದಲ್ಲಿ ಡೀ ಡೀ ಬರೆದ ಇನ್ನೊಂದು ಹಾಡಿದೆ, ಮ್ಯಾನ್‌ಹಟನ್ನಿನಲ್ಲಿ ಗಂಡುಹುಡುಗರು ಗಿರಾಕಿಗಳಿಗಾಗಿ ಕಾಯುತ್ತಿದ್ದ ಒಂದು ಬೀದಿಮೂಲೆಯ ಬಗ್ಗೆ. ಎರಡೂವರೆ ನಿಮಿಷವೂ ಇಲ್ಲ. ಯಾರೂ ತನ್ನನ್ನು ಆರಿಸಿಕೊಳ್ಳದೆ ನಿಂತ ಹುಡುಗನ ಅವಮಾನ, ಅದರಿಂದ ಹುಟ್ಟುವ ಹಿಂಸೆ ಎರಡೂ ಅದರಲ್ಲಿವೆ. ನಗುನಗುತ್ತಾ ಕೇಳಿಕೊಂಡು ಬಂದವರು ಅಲ್ಲಿ ತಡೆದು ನಿಲ್ಲುತ್ತಾರೆ. ಹಾಡು ಮಾತ್ರ ನಿಲ್ಲದೆ ಮುಂದಿನದಕ್ಕೆ ಹೊರಟಿರುತ್ತದೆ.

ಈ ದಾರಿಯನ್ನು ರಮೋನ್ಸ್ ಮೊದಲಾಗಿ ಕಡಿದದ್ದಲ್ಲ. ಮಿಷಿಗನ್ ರಾಜ್ಯದ ಆನ್ ಆರ್ಬರ್‌ನ ಸ್ಟೂಜಸ್ ತಂಡ 1970ರಲ್ಲೇ ಫನ್ ಹೌಸ್ ಎಂಬ ಆಲ್ಬಂ ಮಾಡಿತ್ತು. ಹುಡುಗನಾಗಿದ್ದಾಗ ಫೋರ್ಡ್ ಕಾರ್ಖಾನೆಯಲ್ಲಿ ಲೋಹದ ತಗಡಿನ ಮೇಲೆ ಯಂತ್ರ ಬಂದು ಬೀಳುವ ಸದ್ದು ಕೇಳಿ, ಸಂಗೀತ ಎಂದರೆ ಹೀಗಿರಬೇಕು ಅನ್ನಿಸಿತು ಎಂದು ಗಾಯಕ ಇಗ್ಗಿ ಪಾಪ್ ಹೇಳಿಕೊಂಡಿದ್ದಾನೆ. ನಿರ್ಮಾಪಕ ಡಾನ್ ಗಲುಚಿ ಹಿಂದೆ ಕಿಂಗ್ಸ್‌ಮೆನ್ ತಂಡದಲ್ಲಿದ್ದು, ಮೂರೇ ಕಾರ್ಡ್‌ಗಳ ‘ಲೂಯಿ ಲೂಯಿ’ಗೆ ಕೀಬೋರ್ಡ್ ನುಡಿಸಿದವನು. ಲಾಸ್ ಏಂಜಲಿಸ್‌ನ ಸ್ಟುಡಿಯೊದಲ್ಲಿ ಅವನು ತಂಡವನ್ನು ಕಛೇರಿ ಕೊಡುವಂತೆ ಒಟ್ಟಿಗೆ ನಿಲ್ಲಿಸಿ, ಇಗ್ಗಿಯ ಕೈಗೆ ಮೈಕು ಕೊಟ್ಟು, ಒಂದೊಂದೇ ಹಾಡನ್ನು ಮತ್ತೆ ಮತ್ತೆ ಆಡಿಸಿದ. ಆ ದಿನಗಳ ಎಲ್ಲ ಪ್ರಯತ್ನಗಳೂ 1999ರಲ್ಲಿ ಏಳು ಡಿಸ್ಕ್‌ಗಳಾಗಿ ಹೊರಬಂದಿವೆ. ಒಂದೇ ಹಾಡಿನ ಹತ್ತಾರು ಆವೃತ್ತಿಗಳನ್ನು ಸಾಲಾಗಿ ಕೇಳಿದರೆ, ರಾನ್ ಆಶ್ಟನ್‌ನ ಗಿಟಾರ್ ಸ್ವರಗುಚ್ಛ ಬದಲಾಗುವುದಿಲ್ಲ. ಅದರ ಬಿಗಿ ಬದಲಾಗುತ್ತದೆ. ಮೊದಲು ಸಡಿಲ, ಆಮೇಲೆ ಅತಿಬಿಗಿ, ಕೊನೆಗೆ ಹದ. ರೊಟ್ಟಿ ಹಿಟ್ಟನ್ನು ನಾದುವವರಿಗೆ ಈ ಹಂತಗಳು ಗೊತ್ತು. ಆಲ್ಬಂ ಮಾರಾಟವಾಗಲಿಲ್ಲ, ಎಲೆಕ್ಟ್ರಾ ಕಂಪನಿ ತಂಡವನ್ನು ಕೈಬಿಟ್ಟಿತು.

ಇನ್ನು ಭಾರದ ಮಾತು. ಸರಳತೆ ಒಂದು, ಭಾರ ಇನ್ನೊಂದು. ಎರಡೂ ಸೇರಿದ್ದು ಇಂಗ್ಲೆಂಡಿನಲ್ಲಿ. 1975ರಲ್ಲಿ ಹಾಕ್‌ವಿಂಡ್ ತಂಡದಿಂದ ಹೊರಬಿದ್ದ ಲೆಮಿ ಕಿಲ್ಮಿಸ್ಟರ್ ಮೋಟರ್‌ಹೆಡ್ ಕಟ್ಟಿದ. ಅವನು ಮೊದಲು ಗಿಟಾರ್ ನುಡಿಸುತ್ತಿದ್ದವನು. ಬಾಸ್ ಕೈಗೆ ಬಂದ ಮೇಲೂ ಅದನ್ನು ಗಿಟಾರಿನಂತೆಯೇ ನುಡಿಸಿದ: ಒಂಟಿ ಸ್ವರಗಳ ಬದಲು ಕಾರ್ಡ್‌ಗಳು, ಅವೂ ಮಾರ್ಷಲ್ ಆಂಪ್ಲಿಫೈಯರ್ ತಡೆದುಕೊಳ್ಳುವಷ್ಟು ಜೋರಾಗಿ. ಮೈಕನ್ನು ತಲೆಗಿಂತ ಎತ್ತರಕ್ಕೆ ಏರಿಸಿ, ಬಾಗಿಸಿ, ಕತ್ತು ಮೇಲೆತ್ತಿ ಹಾಡುತ್ತಿದ್ದ. ಮಳೆಹನಿಗೆ ಬಾಯೊಡ್ಡಿದವನಂತೆ ಕಾಣುತ್ತಿದ್ದ. 1979ರ ಓವರ್‌ಕಿಲ್, 1980ರ ಏಸ್ ಆಫ್ ಸ್ಪೇಡ್ಸ್ ಆಲ್ಬಂಗಳಿಗೆ ಉದ್ದಗೂದಲಿನ ಮೆಟಲ್ ಅಭಿಮಾನಿಗಳೂ ಕೂದಲು ಕತ್ತರಿಸಿಕೊಂಡ ಪಂಕ್ ಹುಡುಗರೂ ಒಟ್ಟಿಗೆ ಬಂದರು. ಆ ಹೊತ್ತಿನ ಇಂಗ್ಲೆಂಡಿನಲ್ಲಿ ಈ ಎರಡು ಗುಂಪುಗಳಿಗೆ ಎಣ್ಣೆ ಸೀಗೇಕಾಯಿ ಸಂಬಂಧ. ಲೆಮಿ ಮಾತ್ರ ತನ್ನದು ಎರಡೂ ಅಲ್ಲ, ರಾಕ್ ಅಂಡ್ ರೋಲ್ ಎಂದೇ ಕೊನೆಯವರೆಗೂ ಹೇಳಿದ.

ಭಾರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮ ಸಂಗೀತ ಬಲ್ಲವರಿಗೆ ಸುಲಭವಾಗಿ ಹೇಳಬಹುದು. ಅದರ ಮೂಲವಾದ ಪವರ್ ಕಾರ್ಡ್ ಎನ್ನುವುದು ಷಡ್ಜ ಮತ್ತು ಪಂಚಮ, ಅಷ್ಟೇ. ಗಾಂಧಾರ ಇಲ್ಲ. ಪಾಶ್ಚಾತ್ಯ ಕಾರ್ಡ್‌ನಲ್ಲಿ ನಗು ಇದೆಯೋ ಅಳು ಇದೆಯೋ ಎಂದು ತೀರ್ಮಾನಿಸುವುದು ಗಾಂಧಾರ: ಅಂತರವಾದರೆ ಒಂದು ಬಣ್ಣ, ಸಾಧಾರಣವಾದರೆ ಇನ್ನೊಂದು. ಆಂಪ್ಲಿಫೈಯರನ್ನು ಒರಟಾಗುವ ಮಟ್ಟಿಗೆ ಏರಿಸಿದಾಗ ಗಾಂಧಾರ ಕೆಸರಾಗುತ್ತದೆ, ಷಡ್ಜ ಪಂಚಮಗಳು ಮಾತ್ರ ಒಂದರೊಳಗೊಂದು ಬೆಸೆದುಕೊಂಡು ದೊಡ್ಡದಾಗುತ್ತವೆ. ತಂಬೂರಿಯಲ್ಲಿ ಗಂಟೆಗಟ್ಟಲೆ ಕೇಳಿದರೂ ಬೇಸರ ಬಾರದ ಜೋಡಿಯೇ ಇದು. ಜಾನಿ ಬೆರಳುಗಳನ್ನು ಅಡ್ಡ ಮಲಗಿಸಿ ಪೂರ್ತಿ ಕಾರ್ಡ್ ಹಿಡಿಯುತ್ತಿದ್ದ, ಹಾಗಾಗಿ ರಮೋನ್ಸ್ ಹಾಡುಗಳಲ್ಲಿ ಬೆಳಕಿದೆ. ಅವನ ನಂತರ ಬಂದವರು ಗಾಂಧಾರವನ್ನು ಕಿತ್ತುಹಾಕಿದರು, ಬೆಳಕು ಆರಿತು.

ಪೂರ್ತಿ ಆರಿದ್ದು 1982ರಲ್ಲಿ. ಲೆಮಿ ಹುಟ್ಟಿದ ಊರು ಸ್ಟೋಕ್-ಆನ್-ಟ್ರೆಂಟ್, ಇಂಗ್ಲೆಂಡಿನ ಕುಂಬಾರಿಕೆಯ ಊರು, ಪಿಂಗಾಣಿ ಬಟ್ಟಲುಗಳನ್ನು ಸುಟ್ಟು ಜಗತ್ತಿಗೆಲ್ಲ ಕಳಿಸಿದ ಊರು. ಅದೇ ಊರಿನಿಂದ ಬಂದ ಡಿಸ್ಚಾರ್ಜ್ ತಂಡ ಆ ವರ್ಷ ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್ ಎಂಬ ಆಲ್ಬಂ ತಂದಿತು. ಊರಿನಲ್ಲಿ ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದ ಮೈಕ್ ಸ್ಟೋನ್ ತನ್ನ ಕಂಪನಿಗೆ ಇಟ್ಟಿದ್ದ ಹೆಸರು ಕ್ಲೇ, ಅಂದರೆ ಜೇಡಿಮಣ್ಣು. ಕಿವಿ, ಕಣ್ಣು, ಬಾಯಿ ಮುಚ್ಚಿದ ಮೂರು ಕೋತಿಗಳನ್ನು ನಾವು ಗಾಂಧೀಜಿಯ ಮೂಲಕ ಸದ್ಗುಣದ ಪಾಠವಾಗಿ ಕಲಿತವರು. ಇಲ್ಲಿ ಅದೇ ಭಂಗಿ ಆರೋಪವಾಗಿದೆ: ಅಣುಯುದ್ಧ ಬಾಗಿಲಿಗೆ ಬಂದಿದೆ, ನೀವು ಕೇಳುತ್ತಿಲ್ಲ, ನೋಡುತ್ತಿಲ್ಲ, ಮಾತಾಡುತ್ತಿಲ್ಲ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬ್ರಿಟನ್ನಿನ ನೆಲದಲ್ಲಿ ಅಮೆರಿಕದ ಕ್ರೂಸ್ ಕ್ಷಿಪಣಿಗಳನ್ನು ಇಡುವ ತೀರ್ಮಾನ ಆಗಿತ್ತು. ಅಣುಬಾಂಬು ಬಿದ್ದರೆ ಮನೆಯೊಳಗೆ ಬಾಗಿಲು ಒರಗಿಸಿ ಆಸರೆ ಮಾಡಿಕೊಳ್ಳುವುದು ಹೇಗೆ ಎಂದು ಹೇಳುವ ಸರ್ಕಾರಿ ಕಿರುಪುಸ್ತಕ 1980ರಲ್ಲಿ ಮಾರಾಟಕ್ಕೆ ಬಂದಿತ್ತು. 1981ರಿಂದ ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಯ ಹೊರಗೆ ಹೆಂಗಸರು ಡೇರೆ ಹಾಕಿ ಕೂತಿದ್ದರು. 1982ರ ಶುರುವಿನಲ್ಲಿ ದೇಶದ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು, ಏಪ್ರಿಲ್‌ನಲ್ಲಿ ಫಾಕ್‌ಲೆಂಡ್ಸ್ ಯುದ್ಧ. ಇಂಥ ಹೊತ್ತಿನಲ್ಲಿ ಡಿಸ್ಚಾರ್ಜ್‌ನ ಗಾಯಕ ಕಾಲ್ ಒಂದೊಂದು ಹಾಡಿಗೂ ಕೆಲವೇ ಸಾಲು ಬರೆದು ಅವನ್ನೇ ತಿರುತಿರುಗಿ ಕೂಗಿದ. ವಾದವಿಲ್ಲ, ವಿವರಣೆಯಿಲ್ಲ, ಸುಟ್ಟ ದೇಹ, ಒಡೆದ ಮನೆ, ಅಳುವ ಮಗು. ಬಾಂಬು ಬಿದ್ದ ಊರಿನಿಂದ ಬಂದ ತಂತಿ ಸಂದೇಶದ ಹಾಗೆ.

ಈ ಆಲ್ಬಂನ ಜೀವ ಇರುವುದು ಡ್ರಮ್ಸ್‌ನಲ್ಲಿ. ತಂಡದ ಮೊದಲಿನ ಡ್ರಮ್ಮರ್ ಟೆಜ್ ರೂಢಿಗೆ ತಂದು, ಆಲ್ಬಂನಲ್ಲಿ ಗ್ಯಾರಿ ಮಲೋನಿ ನುಡಿಸಿದ ಲಯಕ್ಕೆ ಇಂದು ಡಿ-ಬೀಟ್ ಎಂಬ ಹೆಸರಿದೆ. ‘ಡಿ’ ಎಂದರೆ ಡಿಸ್ಚಾರ್ಜ್. ಬಾಯಲ್ಲಿ ಹೇಳುವುದಾದರೆ: ಧುಂ, ತ-ಧುಂ, ಧುಂ-ತ. ಕಾಲಿನ ಡ್ರಮ್ಮು ಮೊದಲ ಎಣಿಕೆಗೆ ಸರಿಯಾಗಿ ಬೀಳುತ್ತದೆ, ಆದರೆ ನಡುವಿನ ಎರಡು ಧುಂಗಳು ಎಣಿಕೆಗಳ ಸಂದಿಯಲ್ಲಿ ಬೀಳುತ್ತವೆ. ಕೇಳುವವನ ಮೈ ಮುಂದಕ್ಕೆ ವಾಲಿ, ಬೀಳುವಷ್ಟರಲ್ಲಿ ಮುಂದಿನ ‘ತ’ ಬಂದು ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಓಡುವವನು ನಿಲ್ಲಲಾರದೆ ಇನ್ನೊಂದು ಹೆಜ್ಜೆ, ಮತ್ತೊಂದು ಹೆಜ್ಜೆ ಇಡುತ್ತಾ ಹೋಗುವ ಹಾಗೆ. ಇದರ ಮೇಲೆ ಬೋನ್ಸ್‌ನ ಗಿಟಾರ್, ಗಾಂಧಾರವಿಲ್ಲದ ಕಾರ್ಡ್‌ಗಳ ಗರಗರ. 14 ಹಾಡುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಅದೇ ಇಳಿಜಾರು. ಮೊದಲ ಸಲ ಕೇಳಿದಾಗ ಹಾಡುಗಳು ಒಂದರಿಂದೊಂದು ಬೇರೆಯೆಂದೇ ನನಗೆ ತಿಳಿಯಲಿಲ್ಲ. ಹತ್ತನೆಯ ಸಲಕ್ಕೆ ಅವು ಬೇರೆ ಆಗಬೇಕಿಲ್ಲ ಅನ್ನಿಸಿತು. ಓಡಿ ತಪ್ಪಿಸಿಕೊಳ್ಳುವವನಿಗೆ ದಾರಿಯ ಎರಡು ಬದಿಯ ನೋಟ ಬದಲಾಗುತ್ತಿದೆಯೇ ಎಂದು ನೋಡಲು ಪುರುಸೊತ್ತಿರುವುದಿಲ್ಲ.

ಸರಳತೆ ಎಂದರೆ ಅಶಕ್ತರ ಆಸರೆ ಎಂದು ಇನ್ನೂ ವಾದಿಸುವವರಿಗೆ ಬ್ಯಾಡ್ ಬ್ರೇನ್ಸ್ ತಂಡದ ಹೆಸರು ಹೇಳಿದರೆ ಸಾಕು. ವಾಷಿಂಗ್ಟನ್ ಡಿ.ಸಿ.ಯ ಈ ನಾಲ್ವರು ಕಪ್ಪು ಯುವಕರು ಮೊದಲು ಜಾಝ್ ಫ್ಯೂಷನ್ ನುಡಿಸುತ್ತಿದ್ದರು. ಜಾನ್ ಮೆಕ್‌ಲಾಫ್ಲಿನ್‌ನ ಮಹಾವಿಷ್ಣು ಆರ್ಕೆಸ್ಟ್ರಾ ಅವರಿಗೆ ಆದರ್ಶವಾಗಿತ್ತು. ವಿಕ್ಕು ವಿನಾಯಕರಾಮ್, ಜಾಕಿರ್ ಹುಸೇನ್ ಜೊತೆ ಶಕ್ತಿ ತಂಡ ಕಟ್ಟಿದ ಅದೇ ಮೆಕ್‌ಲಾಫ್ಲಿನ್. ಕಷ್ಟದ ತಾಳಗಳನ್ನು ಬಲ್ಲ ಕೈಗಳವು. ಆ ಕೈಗಳು ರಮೋನ್ಸ್ ಹಾಡೊಂದರಿಂದ ಹೆಸರು ತೆಗೆದುಕೊಂಡು, ಒಂದೂವರೆ ನಿಮಿಷದ ಬಿರುಗಾಳಿ ಹಾಡುಗಳಿಗೆ ಬಂದವು. 1982ರಲ್ಲಿ ಕ್ಯಾಸೆಟ್ ರೂಪದಲ್ಲಷ್ಟೇ ಬಿಡುಗಡೆಯಾದ ಅವರ ಆಲ್ಬಂ ಕೇಳಿದರೆ, ಅಂಥ ವೇಗದಲ್ಲೂ ಒಂದೊಂದು ನಿಲುಗಡೆ ಕತ್ತರಿಯಿಂದ ಕತ್ತರಿಸಿದಷ್ಟು ಚೊಕ್ಕ. ಎಲ್ಲ ಬಲ್ಲವರು ಬೇಕಾದ್ದನ್ನು ಮಾತ್ರ ಇಟ್ಟುಕೊಂಡಾಗ ಉಳಿಯುವ ಸರಳತೆ ಅದು.

ಇಷ್ಟು ಪ್ರೀತಿಸುವ ಪರಂಪರೆಯ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ರಮೋನ್ಸ್ ಮೊದಲ ಆಲ್ಬಂನ ಕೊನೆಯ ಹಾಡು ನಾಜಿ ಪಾತ್ರವೊಂದರ ಬಾಯಿಂದ ಬರುತ್ತದೆ. ಜೋಯಿ ಯಹೂದಿ, ಟಾಮಿಯ ತಂದೆತಾಯಿ ನಾಜಿಗಳ ನರಮೇಧದಿಂದ ಬದುಕುಳಿದವರು. ದ್ವೇಷದಿಂದ ಬರೆದದ್ದಲ್ಲ ಎಂಬುದು ಸ್ಪಷ್ಟ. ಆದರೂ ಹಾಡು ಸೋತಿದೆ ಎಂದೇ ನನ್ನ ಅಭಿಪ್ರಾಯ. ಆಸೆ, ಬೇಸರ, ಭಯ, ಹಸಿವು ಇವನ್ನು ಎರಡು ನಿಮಿಷದಲ್ಲಿ ಹೇಳಬಹುದು. ಕೊಲೆಗಾರನ ಮಾತನ್ನು ಅವನ ಬಾಯಲ್ಲೇ ಆಡಿಸಿ, ಅದರಿಂದ ದೂರ ನಿಲ್ಲುವುದಕ್ಕೆ ಜಾಗ ಬೇಕು. ಈ ರೂಪದಲ್ಲಿ ಆ ಜಾಗ ಇಲ್ಲ. ಡಿಸ್ಚಾರ್ಜ್ ಯುದ್ಧದ ಬಗ್ಗೆ ಅಷ್ಟೇ ಕಡಿಮೆ ಸಾಲುಗಳಲ್ಲಿ ಹಾಡಿ ಗೆದ್ದದ್ದು ಸತ್ತವರ ಕಡೆ ನಿಂತದ್ದರಿಂದ.

ಎರಡನೆಯ ದೋಷ ಅನುಕರಣೆ. ಡಿಸ್ಚಾರ್ಜ್ ನಂತರ ‘ಡಿಸ್’ ಎಂದು ಶುರುವಾಗುವ ಹೆಸರಿನ ತಂಡಗಳ ಸಾಲೇ ಹುಟ್ಟಿತು: ಡಿಸ್‌ಕ್ಲೋಸ್, ಡಿಸ್‌ಫಿಯರ್, ಡಿಸ್‌ಕಾರ್ಡ್, ಡಿಸಾಸ್ಟರ್. ಲಯ ಅದೇ, ಗರಗರ ಅದೇ, ಕಪ್ಪು ಬಿಳುಪು ಮುಖಪುಟ ಅದೇ. ಜಪಾನಿನ ಡಿಸ್‌ಕ್ಲೋಸ್ ಆ ಗರಗರವನ್ನೇ ಇನ್ನೂ ಆಳಕ್ಕೆ ಒಯ್ದು ತನ್ನದಾಗಿಸಿಕೊಂಡಿತು, ಸ್ವೀಡನ್ನಿನ ಆಂಟಿ ಸಿಮೆಕ್ಸ್ ಅದಕ್ಕೆ ಬೇರೆಯೇ ಕೆಚ್ಚು ಕೊಟ್ಟಿತು. ಉಳಿದ ಎಷ್ಟೋ ಆಲ್ಬಂಗಳಲ್ಲಿ ನನಗೆ ಲಯ ಕೇಳಿಸುತ್ತದೆ, ಇಳಿಜಾರು ಸಿಗುವುದಿಲ್ಲ. ಬಾಂಬಿನ ಭಯ ಇಲ್ಲದೆ ಬಾಂಬಿನ ಹಾಡು ಕಟ್ಟಿದರೆ ಉಳಿಯುವುದು ಸಮವಸ್ತ್ರ ಮಾತ್ರ.

ಮೂರನೆಯದು ವೇದಿಕೆಯ ಮುಂದಿನ ನೆಲದ ಸಂಗತಿ. ಗಂಡಸರ ಮೈಗಳು ಡಿಕ್ಕಿ ಹೊಡೆಯುವ ಆ ವೃತ್ತದಿಂದ ಹುಡುಗಿಯರು ಹಿಂದಕ್ಕೆ ತಳ್ಳಿಸಿಕೊಂಡರು. ಗರ್ಲ್‌ಸ್ಕೂಲ್ ತಂಡದ ಹೆಂಗಸರು 1981ರಲ್ಲಿ ಮೋಟರ್‌ಹೆಡ್ ಜೊತೆ ಸಮಸಮವಾಗಿ ರೆಕಾರ್ಡ್ ಮಾಡಿ ಬ್ರಿಟನ್ನಿನ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿದರೂ, ಕೇಳುಗರ ನಡುವಿನ ಸ್ಥಿತಿ ಬೇಗ ಬದಲಾಗಲಿಲ್ಲ. ಹುಡುಗಿಯರು ಮುಂದೆ ಬನ್ನಿ ಎಂದು ಬಿಕಿನಿ ಕಿಲ್ ತಂಡ ವೇದಿಕೆಯಿಂದ ಕರೆಯಬೇಕಾಗಿ ಬಂದದ್ದು ತೊಂಬತ್ತರ ದಶಕದಲ್ಲಿ.

ಸರಳತೆಯನ್ನು ಬಿಟ್ಟು ಹೋಗಲು ನೋಡಿದವರ ಕತೆಯೂ ಇದೆ. ರಮೋನ್ಸ್ 1980ರಲ್ಲಿ ಬಂದ ತಮ್ಮ ಎಂಡ್ ಆಫ್ ದ ಸೆಂಚುರಿ ಆಲ್ಬಂ ಅನ್ನು ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೈಗೆ ಒಪ್ಪಿಸಿದ್ದರು. ರೊನೆಟ್ಸ್‌ಗೆ ಸದ್ದಿನ ಅರಮನೆ ಕಟ್ಟಿಕೊಟ್ಟವನು ಅವನೇ. ಒಂದು ಹಾಡಿನ ಮೊದಲ ಕಾರ್ಡ್ ಒಂದನ್ನೇ ಅವನು ಜಾನಿಯಿಂದ ಗಂಟೆಗಟ್ಟಲೆ ನುಡಿಸಿದ ಎಂಬ ಕತೆ ಪ್ರಸಿದ್ಧ. ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 44ಕ್ಕೆ ಏರಿತು. ತಂಡ ಮುಂದೆಂದೂ ಅದಕ್ಕಿಂತ ಮೇಲೆ ಹೋಗಲಿಲ್ಲ. ಆದರೆ ಜಾನಿಗೆ ಅದು ಹಿಡಿಸಲಿಲ್ಲ, ಅವನ ಕಿವಿಯ ತೀರ್ಪನ್ನೇ ನಾನು ಒಪ್ಪುತ್ತೇನೆ. ಅಲ್ಲಿ ಕೈಯ ಪೆಟ್ಟು ಹಾರ್ನ್‌ಗಳ, ಪ್ರತಿಧ್ವನಿಯ ಕೆಳಗೆ ಮುಚ್ಚಿಹೋಗುತ್ತದೆ. ಡಿಸ್ಚಾರ್ಜ್ 1986ರ ಗ್ರೇವ್ ನ್ಯೂ ವರ್ಲ್ಡ್ ಆಲ್ಬಂನಲ್ಲಿ ಎತ್ತರದ ಕಂಠದ ಮೆಟಲ್ ಕಡೆ ಹೊರಳಿತು, ಅಭಿಮಾನಿಗಳು ತಿರುಗಿಬಿದ್ದರು. ಅಭಿಮಾನಿಗಳ ಹಟವೂ ಒಂದು ಬಗೆಯ ಸೆರೆಮನೆ ಎಂಬುದು ನಿಜ. ಕಲಾವಿದ ಬದಲಾಗಬಾರದು ಎಂದು ಯಾರೂ ಹೇಳಬಾರದು. ಆದರೆ ಆ ಆಲ್ಬಂನಲ್ಲಿ ಬದಲಾದದ್ದು ಬರೀ ಶೈಲಿಯಲ್ಲ, ಓಡುತ್ತಿದ್ದವನು ನಿಂತುಬಿಟ್ಟ.

ಈ ಸಂಗೀತ ಎಲ್ಲಿಂದೆಲ್ಲಿಗೆ ಹೋಯಿತು ಎಂದು ನೋಡಿದರೆ ಅದರ ಬಲ ಇನ್ನಷ್ಟು ತಿಳಿಯುತ್ತದೆ. ಅಮೆರಿಕದ ಪಟ್ಟಿಯಲ್ಲಿ ರಮೋನ್ಸ್ ಮೊದಲ ಆಲ್ಬಂ 111ಕ್ಕಿಂತ ಮೇಲೇರಲಿಲ್ಲ. ತವರಿನ ದೊಡ್ಡ ಮೈದಾನಗಳು ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. 1996ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಫುಟ್‌ಬಾಲ್ ಕ್ರೀಡಾಂಗಣ ಅವರಿಗಾಗಿ ತುಂಬಿತು, ಸ್ಪ್ಯಾನಿಷ್ ಮಾತಾಡುವ ಜನರಿಂದ. ಬೆಂಗಳೂರಿಗೆ ಈ ಪೆಟ್ಟು ಬಂದದ್ದು ಬಳಸುದಾರಿಯಲ್ಲಿ. ಮೆಟಾಲಿಕಾ ತಂಡ 1998ರ ಗರಾಜ್ ಇಂಕ್ ಆಲ್ಬಂನಲ್ಲಿ ಡಿಸ್ಚಾರ್ಜ್‌ನ ಎರಡು, ಮೋಟರ್‌ಹೆಡ್‌ನ ನಾಲ್ಕು ಹಾಡು ಹಾಡಿದೆ. 2003ರಲ್ಲಿ ಡೀ ಡೀಯ ಆ ಬೀದಿಮೂಲೆಯ ಹಾಡನ್ನೂ ಹಾಡಿತು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನು ಎಡಬದಿಯ ಕಂಬಿಯ ಹತ್ತಿರ ನಿಂತಿದ್ದೆ. ದೊಡ್ಡ ಪರದೆಯ ಮೇಲೆ ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈ ಕಂಡಿತು: ಕೆಳಗೆ, ಕೆಳಗೆ, ಕೆಳಗೆ. ಪಕ್ಕದಲ್ಲಿದ್ದ ಹುಡುಗ ಗಿಟಾರಿಲ್ಲದ ಗಾಳಿಯಲ್ಲಿ ಅದೇ ರೀತಿ ಕೈ ಇಳಿಸುತ್ತಿದ್ದ, ಒಂದೂ ತಪ್ಪದೆ. ಕೇಳಿದರೆ, ಹಾಸನದಿಂದ ಬಸ್ಸಿನಲ್ಲಿ ಬಂದಿದ್ದೇನೆ ಎಂದ. ಜಾನಿ ರಮೋನ್ ಹೆಸರು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ, ಕೈ ಕಲಿತಿತ್ತು.

ರಮೋನ್ಸ್ ಮೊದಲ ಆಲ್ಬಂ ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಗುರುತಾದ ಗೋಲ್ಡ್ ಮನ್ನಣೆ ಪಡೆದದ್ದು 2014ರಲ್ಲಿ, ಬಿಡುಗಡೆಯಾಗಿ 38 ವರ್ಷಗಳ ನಂತರ. ಜೋಯಿ 2001ರಲ್ಲಿ, ಡೀ ಡೀ 2002ರಲ್ಲಿ, ಜಾನಿ 2004ರಲ್ಲಿ ತೀರಿಕೊಂಡಿದ್ದರು. ಸುದ್ದಿ ಕೇಳಲು ಉಳಿದಿದ್ದವನು ಟಾಮಿ ಒಬ್ಬನೇ, ಅದೇ ಜುಲೈನಲ್ಲಿ ಅವನೂ ಹೋದ.

ನಾನು ಈಗಲೂ ತಿಂಗಳಿಗೆ ಒಂದೆರಡು ಸಲ ಆ ಆಲ್ಬಂ ಜೊತೆ ಕೂರುತ್ತೇನೆ. ಮಣಿಕಟ್ಟನ್ನು ಸಡಿಲ ಬಿಡಬೇಕು, ಮೊಣಕೈಯಿಂದ ಹೊಡೆಯಬಾರದು, ಪಿಕ್ಕಿನ ತುದಿಯಷ್ಟೇ ತಂತಿಗೆ ತಾಗಬೇಕು ಎಂಬುದನ್ನು ಕಲಿಯಲು ವರ್ಷಗಳೇ ಹಿಡಿದವು. ನಾಲ್ಕನೆಯ ಹಾಡು ಬಂದಾಗ ಕೈಯನ್ನು ಒಮ್ಮೆ ಕೊಡವಿಕೊಳ್ಳುತ್ತೇನೆ. ಐದು, ಆರು, ಏಳು. ಮೊದಲ ಮುಖ ಅಲ್ಲಿಗೆ ಮುಗಿಯುತ್ತದೆ, ರೆಕಾರ್ಡ್ ಮಗುಚಿ ಹಾಕುವಷ್ಟು ಹೊತ್ತು ಬಿಡುವು. ಎರಡನೆಯ ಮುಖದ ಮೂರನೆಯ ಹಾಡಿನವರೆಗೆ ಈ ವರ್ಷ ತಲುಪಿದ್ದೇನೆ.